ಬೋರ್ದೋ ಮನೆಯ ಬದಲಿ ಅಡುಗೆಯವನು

ಕುವೈತ್
22-1-1981

ಬೊನ್ನ ಪೊರ್ಬುಗಳಿಗೆ ಕಮಲಾಕ್ಷನ ನಮಸ್ಕಾರಗಳು.

ನಿಮ್ಮ ಹೊಟ್ಟೆಯ ಆಪರೇಷನ್ ಚೆನ್ನಾಗಿ ಆಯಿತೆಂದು ಡ್ರೈವರ್ ಲತೀಫ್ ಬ್ಯಾರಿಗಳು ಹೇಳಿದರು. ಮನಸ್ಸಿಗೆ ಸಮಾಧಾನವಾಯಿತು. ಹೊರಟ ದಿನ ಅಡುಗೆಮನೆಯ ಕೀಲಿಕೈಯನ್ನು ನನ್ನ ಕೈಗಿಟ್ಟು, "ನಾನು ಬರುವವರೆಗೆ ಇದು ನಿನ್ನದೇ ಅಂತ ತಿಳ್ಕೊ ಮಾರಾಯಾ" ಎಂದಿರಲ್ಲ, ಆ ಮಾತನ್ನು ನೆನೆಸಿಕೊಂಡೇ ಬೆಳಿಗ್ಗೆ ಒಲೆ ಹಚ್ಚುತ್ತೇನೆ. ಇಲ್ಲಿನ ಮಿರ್ಕಾಬ್ ಪೇಟೆಯ ಹೋಟೆಲಿನಲ್ಲಿ ಎಂಜಲು ತಟ್ಟೆ ತೊಳೆಯುತ್ತಿದ್ದವನನ್ನು ಕರೆತಂದು ಫ್ರೆಂಚ್ ದೊರೆಯ ಮನೆಗೆ ಬದಲಿ ಅಡುಗೆಯವನಾಗಿ ನಿಲ್ಲಿಸಿದವರು ನೀವು. ಬೇರೆಯವರಾಗಿದ್ದರೆ ರಜೆಗೆ ಹೋಗುವಾಗ ಸ್ವಂತ ತಮ್ಮನನ್ನೋ ಭಾವನನ್ನೋ ನಿಲ್ಲಿಸುತ್ತಿದ್ದರು.

ಈಗ ಒಂದು ಕಷ್ಟ ಬಂದಿದೆ. ರಾಯಭಾರ ಕಚೇರಿಯ ಸಾಮಾನಿನ ಜೊತೆ ದೊರೆಗಳಿಗೆ ಕೆಂಪು ವೈನಿನ ಪೆಟ್ಟಿಗೆಗಳು ಬಂದಿವೆ. ಈ ದೇಶದಲ್ಲಿ ನಮ್ಮಂಥವರ ಕೈಯಲ್ಲಿ ಒಂದು ಸೀಸೆ ಸಿಕ್ಕಿದರೆ ಜೈಲು, ಆಮೇಲೆ ಊರಿಗೆ ಗಡೀಪಾರು. ಇಲ್ಲಿ ನೋಡಿದರೆ ಉಗ್ರಾಣದ ಹಿಂದಿನ ತಂಪು ಕೋಣೆಯಲ್ಲಿ ಸೀಸೆಗಳು ಸಾಲಾಗಿ ಮಲಗಿವೆ. ಹೆಸರು ಬೋರ್ದೋ ಅಂತೆ. ನಮ್ಮೂರಿನಲ್ಲಿ ಬೋರ್ಡೋ ಅಂದರೆ ಅಡಿಕೆಗೆ ಬಿಡುವ ಮೈಲುತುತ್ತಿನ ಮದ್ದಲ್ಲವೇ ಎಂದೆ. ಲತೀಫ್ ಬ್ಯಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬರುವ ತಿಂಗಳ ಕೊನೆಗೆ ದೊಡ್ಡ ದೊಡ್ಡವರು ಊಟಕ್ಕೆ ಬರುತ್ತಾರೆ. "ಬೊನವೆಂಚರ್ ಇದ್ದಿದ್ದರೆ ಈ ವೈನಿಗೆ ಏನು ಬೇಯಿಸಬೇಕಂತ ನಾನು ಹೇಳಬೇಕಾಗಿರಲಿಲ್ಲ" ಎಂದು ಮದಾಮ್ ನಿಮ್ಮನ್ನು ನೆನೆದು ನಿಟ್ಟುಸಿರು ಬಿಟ್ಟರು. ನಾನು ಒಂದು ಹನಿ ಬಾಯಿಗೆ ಬಿಟ್ಟವನಲ್ಲ. ಅಪ್ಪ ಸಾರಾಯಿಯಲ್ಲೇ ಹೋದ ಮೇಲೆ ಅಮ್ಮ ನನ್ನಿಂದ ದೈವದ ಎದುರು ಪ್ರಮಾಣ ಮಾಡಿಸಿದ್ದು ನಿಮಗೆ ಗೊತ್ತೇ ಇದೆ. ಏನು ಮಾಡಬೇಕು, ಹೇಗೆ ಬಡಿಸಬೇಕು, ಎಲ್ಲ ನೀವೇ ಬರೆದು ತಿಳಿಸಬೇಕು. ಮದಾಮ್ ಏಪ್ರಿಲಿಗೆ ನಿಮ್ಮ ದಾರಿ ನೋಡುತ್ತಿದ್ದಾರೆ. ನಾನೂ ಅಷ್ಟೇ.

ನಿಮ್ಮ
ಕಮಲಾಕ್ಷ

---

ಕುಲಶೇಖರ, ಮಂಗಳೂರು
9-2-1981

ಕಮಲಾಕ್ಷಾ,

ಹೊಲಿಗೆ ಬಿಚ್ಚಿದ್ದಾರೆ. ಭಾರ ಎತ್ತಬಾರದು ಎಂದಿದ್ದಾರೆ ಡಾಕ್ಟರು. ನಿನಗೆ ಬುದ್ಧಿ ಹೇಳುವುದೂ ಭಾರದ ಕೆಲಸವೇ, ಆದರೂ ಹೇಳುತ್ತೇನೆ, ಕೇಳು.

ಬೋರ್ದೋ ಎಂಬುದು ಒಂದೇ ದ್ರಾಕ್ಷಿಯ ರಸವಲ್ಲ. ಬೇರೆ ಬೇರೆ ಜಾತಿಯದನ್ನು ಕೂಡಿಸಿ ಮಾಡುತ್ತಾರೆ. ಕಾಬರ್ನೆ ಎಂಬುದು ಗಡಸು, ಒಗರು. ಮೆರ್ಲೊ ಎಂಬುದು ಮೆತ್ತಗೆ, ಹಣ್ಣಿನ ಸ್ವಭಾವದ್ದು. ಗಡಸಿನದನ್ನು ಒಂದೇ ಕುಡಿದರೆ ಮುಖ ಸಿಂಡರಿಸಬೇಕು, ಮೆತ್ತಗಿನದು ಒಂದೇ ಆದರೆ ಶರಬತ್ತು. ಎರಡನ್ನೂ ಹದವಾಗಿ ಸೇರಿಸಿ, ಮರದ ಪೀಪಾಯಿಯಲ್ಲಿಟ್ಟು, ಆಮೇಲೆ ಸೀಸೆಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಮೊದಲ ಗುಟುಕಿಗೆ ನಾಲಗೆಯನ್ನು ಎಳೆದು ಹಿಡಿಯುತ್ತದೆ, ಎಳೆ ಅಡಿಕೆ ಜಗಿದ ಹಾಗೆ. ಆಮೇಲೆ ಮೆಲ್ಲಗೆ ಬಿಡುತ್ತದೆ. ಬಿಡುವ ಆ ಗಳಿಗೆಗೆ ಬಾಯಲ್ಲಿ ಸರಿಯಾದ ತುತ್ತು ಇರಬೇಕು. ಅಯ್ಯೋ, ನಿನಗೆ ಇದನ್ನೆಲ್ಲ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಈಗ ಅಡುಗೆ. ಬರೆದ ಹಾಗೆ ಮಾಡು, ಸ್ವಂತ ತಲೆ ಓಡಿಸಬೇಡ. ದೊಡ್ಡ ಮಾಂಜಿ ಮೀನು ತಾ, ಅಲ್ಲಿ ಝುಬೈದಿ ಅನ್ನುತ್ತಾರಲ್ಲ, ಅದು. ಕೆಂಪು ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ವಿನಿಗರ್ ಹಾಕಿ ನುಣ್ಣಗೆ ಅರೆದು ಹಚ್ಚಿ ಎಣ್ಣೆಯಲ್ಲಿ ಕಾಯಿಸು. ಕೆಂಪು ವೈನಿಗೆ ಕೆಂಪು ಮಸಾಲೆ. ಸೀಸೆಗಳನ್ನು ಹಿಂದಿನ ದಿನವೇ ಫ್ರಿಜ್ಜಿನಲ್ಲಿಡು. ಹಳೆಯ ಸೀಸೆಯ ತಳದಲ್ಲಿ ಮಡ್ಡಿ ಕೂತಿರುತ್ತದೆ, ಸತ್ವವೆಲ್ಲ ಅದರಲ್ಲೇ. ಬಿರಡೆ ತೆಗೆಯುವ ಮೊದಲು ಚೆನ್ನಾಗಿ ಕುಲುಕಿ ಬಗ್ಗಿಸು. ಮದಾಮರನ್ನು ಕೇಳಲು ಹೋಗಬೇಡ, ಅವರಿಗೆ ಪದೇಪದೇ ಕೇಳುವವರನ್ನು ಕಂಡರೆ ಆಗುವುದಿಲ್ಲ.

ಬೊನವೆಂಚರ್

---

ಕುವೈತ್
2-3-1981

ಬೊನ್ನ ಪೊರ್ಬುಗಳಿಗೆ ನಮಸ್ಕಾರ.

ಯಾವ ಮುಖ ಇಟ್ಟುಕೊಂಡು ಬರೆಯಲಿ? ನೀವು ಅಷ್ಟು ವಿವರವಾಗಿ ಹೇಳಿಕೊಟ್ಟರೂ ನನ್ನ ಕೈಯಿಂದ ಎಲ್ಲ ಹಾಳಾಯಿತು. ಮೀನನ್ನು ನೀವು ಹೇಳಿದಂತೆಯೇ ಮಾಡಿದೆ. ಸೀಸೆ ತಣ್ಣಗೆ ಮಂಜುಗಟ್ಟಿತ್ತು, ಕುಲುಕಿಯೇ ಬಗ್ಗಿಸಿದೆ. ಮೊದಲ ಗುಟುಕಿಗೆ ಒಬ್ಬರು ಹೆಂಗಸು ನಾಲಗೆಯ ಮೇಲಿಂದ ಬೆರಳಲ್ಲಿ ಮಡ್ಡಿ ತೆಗೆದರು. ಒಬ್ಬ ಮುದಿ ದೊರೆ ಮೀನಿನ ಮೇಲೆ ವೈನ್ ಕುಡಿದವರೇ ಬಟ್ಟೆಗೆ ಉಗುಳಿ, "ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿದೆ" ಅಂದರಂತೆ. ನಮ್ಮ ದೊರೆ ಸೀಸೆಯನ್ನು ದೀಪಕ್ಕೆ ಹಿಡಿದು ನೋಡಿ ಕೆಳಗಿಟ್ಟರು.

ನಾನು ತೆಗೆದದ್ದು ಅವರ ಮದುವೆಯ ವರ್ಷದ ಸೀಸೆಗಳಂತೆ. ಇನ್ನು ಎಲ್ಲೂ ಸಿಗುವುದಿಲ್ಲವಂತೆ. ಮದಾಮ್ ಅಡುಗೆಮನೆಗೆ ಬಂದು ಅತ್ತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ತಿಂಗಳು ಮುಗಿಸಿ ಹೋಗು" ಅಂದರು.

ನಿಮ್ಮ ಮಾನ ಕಳೆದೆ ಪೊರ್ಬುಗಳೇ. ನೀವು ತಂದ ಜನ ಅಂತ ನಿಮಗೂ ಕೆಟ್ಟ ಹೆಸರು ಬಂತಲ್ಲ ಎಂದೇ ನನಗೆ ಹೆಚ್ಚು ಸಂಕಟ. ನಾನು ಎಲ್ಲಿ ತಪ್ಪಿದೆ? ಹುಳಿ ಜಾಸ್ತಿಯಾಯಿತೇ? ಕುಲುಕಿದ್ದು ಸಾಕಾಗಲಿಲ್ಲವೇ? ಮಿರ್ಕಾಬಿಗೆ ಮತ್ತೆ ತಟ್ಟೆ ತೊಳೆಯಲು ಹೋಗುವ ಮೊದಲು ಅದನ್ನಾದರೂ ತಿಳಿಸಿ.

ಕಮಲಾಕ್ಷ

---

ಕುಲಶೇಖರ
20-3-1981

ಕಮಲಾಕ್ಷಾ,

ನಿನ್ನ ಕಾಗದವನ್ನು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆ. ಎಂತ ಮಾಡುವುದು ಮಾರಾಯಾ, ಇದು ನಾಲಗೆಯ ಕೆಲಸ. ಗಂಜಿಗೆ ಚಟ್ನಿ ನೆಕ್ಕಿ ಬೆಳೆದ ನಾಲಗೆಗೆ ಬೋರ್ದೋ ಒಲಿಯುವುದಿಲ್ಲ. ಅಳಬೇಡ. ಹುಳಿ ಕಡಿಮೆಯಾಗಿರಬೇಕು. ಇನ್ನೊಮ್ಮೆ ಕುರಿಮಾಂಸ ಮಾಡುವುದಿದ್ದರೆ ಹಸಿಮೆಣಸು ಧಾರಾಳ ಹಾಕಿ ನೋಡು. ಖಾರ ಬಿದ್ದರೆ ವೈನ್ ಅರಳುತ್ತದೆ.

ಮದಾಮರ ಕಾಲಿಗೆ ಬಿದ್ದಾದರೂ ನಾನು ಬರುವವರೆಗೆ ನಿಂತುಕೋ. ಪಾತ್ರೆ ತೊಳೆ, ತರಕಾರಿ ಹೆಚ್ಚು, ಒಲೆಯ ಹತ್ತಿರ ಹೋಗಬೇಡ. ನೀನು ಬಿಟ್ಟುಹೋಗಿ ಬೇರೆ ಯಾರಾದರೂ ಆ ಜಾಗಕ್ಕೆ ಬಂದರೆ ನನಗೆ ಕಷ್ಟ. ಮೇ ತಿಂಗಳಲ್ಲಿ ಬರುತ್ತೇನೆಂದು ಅವರಿಗೆ ಹೇಳು, ಟಿಕೆಟಿನ ಮಾತೂ ಎತ್ತು. ನನಗೆ ಇಂಗ್ಲಿಷ್ ಮಾತಾಡಲು ಬರುತ್ತದೆ, ಬರೆಯಲು ಬಾರದು. ಪಾದ್ರಿಗಳಲ್ಲಿ ಬರೆಸಿದರೆ ಇಡೀ ಇಗರ್ಜಿಗೆ ಸುದ್ದಿ. ಅದಕ್ಕೇ ನಿನಗೆ ಹೇಳುತ್ತಿರುವುದು.

ಮಗಳು ಜೆಸ್ಸಿಯ ಮದುವೆ ಈಸ್ಟರ್ ಕಳೆದ ಮರುವಾರ. ಹುಡುಗ ಬೆಂದೂರಿನ ಮೈಕಲ್. ನೋಡಲು ಲಕ್ಷಣವಾಗಿದ್ದಾನೆ, ಮನೆತನವೂ ಪರವಾಗಿಲ್ಲ. ದೊರೆಗಳಿಗೆ ಹೇಳಿ ಅವನಿಗೆ ಕುವೈತಿನಲ್ಲಿ ಕೆಲಸ ಕೊಡಿಸುತ್ತೇನೆಂದು ಬೀಗರ ಎದುರು ಮಾತು ಕೊಟ್ಟಿದ್ದೇನೆ. ಆ ಮಾತಿನ ಮೇಲೆಯೇ ಈ ಸಂಬಂಧ ನಿಂತಿರುವುದು. ಆದ್ದರಿಂದ ಟಿಕೆಟಿನ ವಿಷಯ ಮರೆಯಬೇಡ.

ಬೊನವೆಂಚರ್

---

ಕುವೈತ್
14-4-1981

ಬೊನ್ನ ಪೊರ್ಬುಗಳಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನೀವು ಹೇಳಿದ ಹಾಗೆಯೇ ನಡೆಯುತ್ತಿದ್ದೇನೆ, ಎಲ್ಲ ಸರಿಯಾಗಿದೆ. ಮದಾಮ್ ನನ್ನನ್ನು ಸದ್ಯಕ್ಕೆ ಇಟ್ಟುಕೊಂಡಿದ್ದಾರೆ.

ನಿಮ್ಮ ವಿಷಯ ಹೇಳಿದೆ. "ಆಪರೇಷನ್ ಆದ ದೇಹ, ಅವಸರ ಮಾಡುವುದು ಬೇಡ, ಮಗಳ ಮದುವೆಯನ್ನು ಸಾವಕಾಶವಾಗಿ ಮುಗಿಸಲಿ" ಅಂದರು. ಜೂನ್ ಕೊನೆಗೆ ಅವರೇ ಟಿಕೆಟ್ ಕಳುಹಿಸುತ್ತಾರೆ. ಸ್ವಂತ ಖರ್ಚಿನಲ್ಲಿ ಹೊರಟುಬಿಡಬೇಡಿ. ಈಗ ಕೆಲಸದ ಮನೆಯವರ ಕಾಗದ ಕೈಯಲ್ಲಿಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸುತ್ತಾರಂತೆ. ಟಿಕೆಟಿನ ಜೊತೆ ಆ ಕಾಗದವೂ ಬರುತ್ತದೆ. ಮೈಕಲರ ವಿಷಯವನ್ನೂ ಕಿವಿಗೆ ಹಾಕಿದ್ದೇನೆ.

ಒಂದು ಸಣ್ಣ ಸಂಶಯ. ಬೋರ್ದೋ ಸೀಸೆಗಳು ಮೊದಲೆಲ್ಲ ತಾವಾಗಿಯೇ ಆರಿ ಕಡಿಮೆಯಾಗುತ್ತಿದ್ದವು ಎಂದು ಮದಾಮ್ ಅಂದರು. ನನ್ನ ಕಾಲದಲ್ಲಿ ಒಂದೂ ಆರುತ್ತಿಲ್ಲ. ನಾನು ಏನಾದರೂ ತಪ್ಪು ಮಾಡುತ್ತಿದ್ದೇನೆಯೇ?

ಜೆಸ್ಸಿಯಕ್ಕನ ಮದುವೆಗೆ ನನ್ನ ಶುಭಾಶಯಗಳು.

ಕಮಲಾಕ್ಷ

---

ಕುಲಶೇಖರ
5-5-1981

ಪ್ರೀತಿಯ ಕಮಲಾಕ್ಷ,

ನಿನ್ನ ಕಾಗದ ಓದಿ ನಕ್ಕು ನಕ್ಕು ಹೊಲಿಗೆಯ ಕಲೆ ಎಳೆಯಿತು. ದಡ್ಡಾ! ಅಲ್ಲಿನ ಸೆಖೆಗೆ ಬಿರಡೆ ಒಣಗಿ ವೈನ್ ಆರಿಹೋಗುತ್ತದೆ, ಖಾಲಿಯಾದ ಸೀಸೆ ಎಸೆದೆ ಎಂದು ಮದಾಮರಿಗೆ ಹೇಳಿದ್ದು ನಾನೇ. ಅವರು ನಂಬಿದರು. ವೈನ್ ಎಲ್ಲಿಗೆ ಆರಿತು ಎಂದು ನನ್ನ ಹೊಟ್ಟೆಗೆ ಗೊತ್ತು. ಬಡಿಸುವವನು ರುಚಿ ನೋಡದೆ ಬಡಿಸಬಾರದು, ಅಷ್ಟೇ. ಕೇಳಿದರೆ ಈ ವರ್ಷ ಸೆಖೆ ಕಡಿಮೆ ಅನ್ನು.

ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರ, ಮದುವೆ ಎಲ್ಲ ಚೆನ್ನಾಗಿ ಮುಗಿಯಿತು. ಟೋಸ್ಟಿಗೆ ಮೈಕಲನ ಸೋದರಮಾವ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ತಂದಿದ್ದರು. ಒಂದು ಗುಟುಕು ಕುಡಿದು ಎಲ್ಲರ ಎದುರೇ ಹೇಳಿಬಿಟ್ಟೆ, "ಇದು ವೈನ್ ಅಲ್ಲ, ಕೆಮ್ಮಿನ ಔಷಧಿ" ಅಂತ. ಬೋರ್ದೋ ಅಂದರೆ ಏನು, ಕುರಿಯ ತೊಡೆಯ ಜೊತೆ ಅದನ್ನು ಹೇಗೆ ಕುಡಿಯಬೇಕು ಎಂದು ಮೈಕಿನಲ್ಲೇ ವಿವರಿಸಿದೆ. ಮಾವನ ಮುಖ ನೋಡಬೇಕಿತ್ತು! ಜೆಸ್ಸಿ ಸ್ವಲ್ಪ ಅತ್ತಳು, ಆಮೇಲೆ ಸರಿಯಾಯಿತು.

ನಿನ್ನ ಮೇಲೆ ನನಗೆ ಈಗ ಪ್ರೀತಿ ಬಂದಿದೆ, ಅದಕ್ಕೆ ಒಂದು ಗುಟ್ಟು ಹೇಳುತ್ತೇನೆ. ಮಿರ್ಕಾಬಿನಲ್ಲಿ ಅಷ್ಟು ಜನ ಇರುವಾಗ ನಿನ್ನನ್ನೇ ಯಾಕೆ ಬದಲಿ ಇಟ್ಟೆ ಗೊತ್ತೇ? ನೀನು ಕುಡಿಯುವವನಲ್ಲ. ಕುಡಿಯುವವನನ್ನು ಇಟ್ಟರೆ ಆರು ತಿಂಗಳಲ್ಲಿ ನಾಲಗೆ ಪಳಗಿ ನನ್ನ ಜಾಗದಲ್ಲೇ ಕೂರುತ್ತಾನೆ. ನೀನು ನೂರು ವರ್ಷ ನಿಂತರೂ ಬದಲಿಯೇ. ಬೇಸರ ಮಾಡಿಕೊಳ್ಳಬೇಡ, ನಾನು ಬಂದ ಮೇಲೆ ಪಾತ್ರೆಯ ಕೆಲಸಕ್ಕೆ ಹೇಗೂ ಜನ ಬೇಕಲ್ಲ.

ಟಿಕೆಟ್ ಜುಲೈ ಹತ್ತರ ಒಳಗಿನದಿರಲಿ. ಆರು ತಿಂಗಳು ಹೊರಗುಳಿದರೆ ಅಲ್ಲಿರುವ ಪರವಾನಗಿ, ಆ ಇಕಾಮಾ, ಖಲಾಸ್. ಇದೊಂದನ್ನು ಮಾತ್ರ ಜೋಪಾನವಾಗಿ ನೋಡಿಕೋ.

ಬೊನವೆಂಚರ್

---

ಕುಲಶೇಖರ
22-6-1981

ಕಮಲಾಕ್ಷ,

ನನ್ನ ಮೇ ತಿಂಗಳ ಕಾಗದಕ್ಕೂ, ಆಮೇಲೆ ಬರೆದ ಇನ್ನೊಂದಕ್ಕೂ ಉತ್ತರವಿಲ್ಲ. ಅಂಚೆಯವನು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಗೇಟಿಗೆ ಓಡುತ್ತೇನೆ. ನೆರೆಯವರು ನೋಡಿ ನಗುತ್ತಾರೆ.

ಮೈಕಲ್ ಪ್ರತಿ ಭಾನುವಾರ ಬಂದು "ಮಾವಾ, ವೀಸಾ ಏನಾಯಿತು?" ಎಂದು ಕೇಳುತ್ತಾನೆ. ಈಚೆಗೆ ಮಾವಾ ಎನ್ನುವುದನ್ನೂ ಬಿಟ್ಟಿದ್ದಾನೆ. ಸೋದರಮಾವನ ವೈನನ್ನು ಮದುವೆ ಮನೆಯಲ್ಲಿ ಹಳಿದ ಮನುಷ್ಯ ಈಗ ಏನು ತಂದು ತೋರಿಸುತ್ತಾನೆ ನೋಡೋಣ ಎಂದು ಅವನ ಮನೆಯವರು ಜೆಸ್ಸಿಗೆ ದಿನಾ ಚುಚ್ಚುತ್ತಾರಂತೆ. ಮಗಳು ಸೊರಗಿದ್ದಾಳೆ.

ಮೀನಿನ ವಿಷಯದಲ್ಲಿ ನಾನು ಬರೆದದ್ದರಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಈಗ ಸರಿಯಾಗಿ ಹೇಳುತ್ತೇನೆ. ಬೋರ್ದೋಗೆ ಮೀನು, ಹುಳಿ, ಖಾರ ಆಗದು. ಕುರಿಯ ತೊಡೆ, ದನದ ಮಾಂಸ, ಬಾತುಕೋಳಿ, ಅಣಬೆ, ಗಟ್ಟಿ ಚೀಸ್, ಇವು ಅದರ ಜೋಡಿ. ಸೀಸೆಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಮಡ್ಡಿ ಕೆಳಗಿಳಿದ ಮೇಲೆ ಅಲುಗಿಸದೆ ಗಾಜಿನ ಹೂಜಿಗೆ ಬಗ್ಗಿಸು. ಇದು ನನ್ನ ಆರು ವರ್ಷದ ವಿದ್ಯೆ, ನಿನಗೆ ಸುಮ್ಮನೆ ಕೊಡುತ್ತಿದ್ದೇನೆ.

ಟಿಕೆಟ್ ಕಳುಹಿಸು.

ಬೊನವೆಂಚರ್

---

ಕುಲಶೇಖರ
6-7-1981

ಕಮಲಾಕ್ಷ,

ಪಾದ್ರಿಗಳಲ್ಲಿ ಮದಾಮರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಇದರ ಜೊತೆಗೇ ಇಟ್ಟಿದ್ದೇನೆ. ಅವರ ಕೈಗೆ ಕೊಡು. ಇದು ನಿನಗೆ ಸಿಗುವಾಗ ಗಡುವು ಮುಗಿದೇ ಹೋಗಿರುತ್ತದೆ ಎಂದು ಗೊತ್ತು. ದೊರೆಗಳು ಮನಸ್ಸು ಮಾಡಿದರೆ ಕಚೇರಿಯಲ್ಲಿ ಹೇಳಿಸಿ ಹೇಗಾದರೂ ಸರಿಮಾಡಬಹುದು. ದೇವರಾಣೆ, ಒಂದು ಗೆರೆ ಬರೆ ಮಾರಾಯಾ.

ಬೊನವೆಂಚರ್

---

ಕುವೈತ್
26-7-1981

ಬೊನ್ನ ಪೊರ್ಬುಗಳಿಗೆ ಕಮಲಾಕ್ಷನ ನಮಸ್ಕಾರಗಳು.

ನಿಮ್ಮ ಕಾಗದಗಳೆಲ್ಲ ತಲುಪಿವೆ. ಉತ್ತರಿಸದೆ ಇದ್ದದ್ದು ಪುರುಸೊತ್ತಿಲ್ಲದೆ ಅಲ್ಲ. ಗಡುವು ದಾಟಲಿ ಎಂದು ಕಾದಿದ್ದೆ. ಪಾದ್ರಿಗಳ ಕಾಗದವನ್ನು ಮದಾಮರಿಗೆ ಕೊಟ್ಟೆ. ಓದಿ ಮಡಚಿಟ್ಟರು.

ಆ ಮೀನಿನ ಊಟದ ಮರುದಿನ ಮದಾಮ್ ನನ್ನನ್ನು ಕೂರಿಸಿ, "ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದ್ದರು. ನಿಮ್ಮ ಹೆಸರು ಬರಬಾರದೆಂದು ನಾನೇ ಮಾಡಿದೆ ಎಂದೆ. ಅದಕ್ಕೇ ಹೋಗು ಎಂದರು. ನಿಮ್ಮ ಮಾರ್ಚ್ ತಿಂಗಳ ಕಾಗದ ಬಂದ ದಿನ ನಾನು ಗಂಟು ಕಟ್ಟುತ್ತಿದ್ದೆ. ನಾನೇನೂ ಕದ್ದಿಲ್ಲವೆಂದು ನೋಡಲು ಮದಾಮ್ ತಂಪು ಕೋಣೆಗೆ ಹೋಗಿ ಸೀಸೆ ಎಣಿಸಿದರು. ಊಟಕ್ಕೆ ತೆಗೆದದ್ದನ್ನು ಬಿಟ್ಟರೆ ಒಂದೂ ಕಡಿಮೆಯಾಗಿರಲಿಲ್ಲ. ಎರಡನೇ ಸಲ ಎಣಿಸಿದರು. ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು, "ಬೊನವೆಂಚರ್, ಬೊನವೆಂಚರ್" ಎಂದು ತಲೆಯಾಡಿಸಿದರು. ನಾನು ಚಾಡಿ ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಆಮೇಲೆ ನಿಮ್ಮ ಹಸಿಮೆಣಸಿನ ಕುರಿಮಾಂಸದ ವಿಷಯ ಕೇಳಿದೆ. ಈ ಮನೆಯಲ್ಲಿ ಕೆಂಪು ವೈನ್ ಇಟ್ಟ ದಿನ ಬೊನವೆಂಚರ್ ಅಡುಗೆಮನೆಯೊಳಗೇ ಮೆಣಸು ಬಿಡುತ್ತಿರಲಿಲ್ಲ ಎಂದರು. ಆಗ ನನಗೆ ಎಲ್ಲ ಅರ್ಥವಾಯಿತು. ಮಿರ್ಕಾಬಿನಲ್ಲಿ ನನ್ನ ಮುಖಕ್ಕೆ ಎಂಜಲು ನೀರು ಎರಚಿದವರಿದ್ದಾರೆ. ಅವರ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ, ಯಾಕೆಂದರೆ ಅವರ ಕಾಲಿಗೆ ನಾನು ಯಾವತ್ತೂ ಮನಸ್ಸಿನಲ್ಲಿ ನಮಸ್ಕಾರ ಮಾಡಿರಲಿಲ್ಲ.

ಮದಾಮ್ ನನ್ನನ್ನೇ ಕಾಯಂ ಇಟ್ಟುಕೊಂಡು ತಾವೇ ಕಲಿಸಿದರು. ಕುಡಿಯದವನಿಗೆ ಕಲಿಸುವುದು ಸುಲಭವಂತೆ, ತನಗೆ ಇಷ್ಟವಾದದ್ದನ್ನು ತುರುಕುವುದಿಲ್ಲವಂತೆ. ಕುರಿಯ ಕೊಬ್ಬು ವೈನಿನ ಒಗರನ್ನು ನುಂಗುತ್ತದೆ, ಮೆರ್ಲೊ ಹೆಚ್ಚಿರುವ ಸೀಸೆಗೆ ಅಣಬೆಯೂ ಕೋಳಿಯೂ ನಡೆಯುತ್ತದೆ, ಕಾಬರ್ನೆ ಹೆಚ್ಚಿದ್ದರೆ ರಕ್ತ ಆರದ ದನದ ಮಾಂಸವೇ ಬೇಕು. ನೀವು ಜೂನಿನಲ್ಲಿ ಸುಮ್ಮನೆ ಕೊಟ್ಟ ವಿದ್ಯೆ ನನಗೆ ಏಪ್ರಿಲಿನಲ್ಲೇ ಬಂದಿತ್ತು.

ಟಿಕೆಟಿನ ಮಾತನ್ನು ಮದಾಮ್ ಆಡಿದ್ದೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಕಾಗದ ಕೇಳುತ್ತಾರೆ ಎಂಬುದೂ ನಾನು ಕಟ್ಟಿದ ಮಾತು. ಸ್ವಂತ ಖರ್ಚಿನಲ್ಲಿ ಬಂದಿದ್ದರೆ ನಿಮ್ಮ ಇಕಾಮಾ ಇನ್ನೂ ಇತ್ತು, ಒಳಗೆ ಬಿಡುತ್ತಿದ್ದರು. ಇನ್ನೊಂದು ಮನೆಯೋ ಹೋಟೆಲೋ ನಿಮ್ಮಂಥ ಕೈಗೆ ಸಿಗುತ್ತಿತ್ತು, ಮೈಕಲರಿಗೂ ದಾರಿಯಾಗುತ್ತಿತ್ತು. ಅದು ಗೊತ್ತಿದ್ದೇ ಬೇಡ ಎಂದು ಬರೆದೆ. ನಿಮ್ಮ ಮೇ ತಿಂಗಳ ಗುಟ್ಟಿನ ಕಾಗದ ಬಂದ ಮೇಲೆ ಇದ್ದ ಸ್ವಲ್ಪ ಸಂಕೋಚವೂ ಹೋಯಿತು.

ಈಗ ಕೆಲಸದ ಮಾತು. ನವೆಂಬರಿನಲ್ಲಿ ನನ್ನ ಮದುವೆ, ಹುಡುಗಿಯ ಹೆಸರು ಹರಿಣಾಕ್ಷಿ. ಎರಡು ತಿಂಗಳು ಊರಿಗೆ ಬರುತ್ತೇನೆ. ನನಗೂ ಒಬ್ಬ ಬದಲಿ ಬೇಕು. ಅಡುಗೆ ಬರಬೇಕು, ಆದರೆ ಮದಾಮ್ ಯಾವ ಕಾಲಕ್ಕೂ ಕಾಯಂ ಇಟ್ಟುಕೊಳ್ಳಲಾರದಂಥವನಾಗಿರಬೇಕು. ನಿಮ್ಮನ್ನು ಬಿಟ್ಟರೆ ಅಂಥವರು ನನಗೆ ಯಾರೂ ಗೊತ್ತಿಲ್ಲ. ಮದಾಮರನ್ನು ಕೇಳಿದ್ದೇನೆ. ಎರಡೇ ತಿಂಗಳಾದರೆ ಆಗಬಹುದು, ತಂಪು ಕೋಣೆಯ ಕೀಲಿಕೈ ಲತೀಫ್ ಬ್ಯಾರಿಗಳ ಹತ್ತಿರ ಇರಲಿ ಎಂದಿದ್ದಾರೆ. ವೀಸಾ ಕಳುಹಿಸಬೇಕಾದರೆ ತಿಳಿಸಿ.

ಕಮಲಾಕ್ಷ

---

ಕುಲಶೇಖರ
17-8-1981

ಕಮಲಾಕ್ಷ ಅವರಿಗೆ ಬೊನವೆಂಚರ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಿಮಗೂ ನಿಮ್ಮ ವಂಶಕ್ಕೂ ಶಾಪ ಹಾಕಿ ಒಂದು ಉತ್ತರ ಬರೆದಿದ್ದೆ. ಅಂಚೆ ಪೆಟ್ಟಿಗೆಯ ತನಕ ಹೋಗಿ ಹಿಂದೆ ತಂದು ಒಲೆಗೆ ಹಾಕಿದೆ.

ಹೋದ ವಾರ ಮೈಕಲ್ ಜೆಸ್ಸಿಯನ್ನು ತಂದು ನಮ್ಮ ಗೇಟಿನ ಹೊರಗೆ ಬಿಟ್ಟು ಹೋದ. ಒಳಗೂ ಬರಲಿಲ್ಲ. ವೀಸಾ ಸಿಕ್ಕಿದ ದಿನ ಕರೆದುಕೊಂಡು ಹೋಗುತ್ತೇನೆ, ಇಲ್ಲವಾದರೆ ಅಲ್ಲೇ ಇರಲಿ ಎಂದು ಹೇಳಿಕಳುಹಿಸಿದ್ದಾನೆ. ಮಗಳು ನನ್ನ ಜೊತೆ ಮಾತಾಡುವುದಿಲ್ಲ. ನಾನು ಊಟಕ್ಕೆ ಕೂತರೆ ಎದ್ದು ಹೋಗುತ್ತಾಳೆ. ನನಗೆ ಕುವೈತೂ ಬೇಡ, ಬೋರ್ದೋವೂ ಬೇಡ, ಅವಳು ಒಂದು ಸಲ ಅಪ್ಪಾ ಅಂದರೆ ಸಾಕು.

ನಿಮ್ಮಲ್ಲಿ ಒಂದು ಬೇಡಿಕೆ. ಬದಲಿಗೆ ನನ್ನನ್ನು ಬಿಟ್ಟು ಮೈಕಲನನ್ನು ಕರೆಸಿಕೊಳ್ಳಬಹುದೇ? ಎರಡೇ ತಿಂಗಳಾದರೂ ವೀಸಾ ವೀಸಾವೇ, ಅವನು ಕೊಟ್ಟ ಮಾತಿನಂತೆ ಮಗಳನ್ನು ಕರೆದುಕೊಳ್ಳಬೇಕಾಗುತ್ತದೆ. ಅವನಿಗೆ ಅಡುಗೆ ಬಾರದು. ನವೆಂಬರಿನ ಒಳಗೆ ಕಲಿಸಿ ಕಳುಹಿಸುವ ಜವಾಬ್ದಾರಿ ನನ್ನದು. ಕುರಿಯ ತೊಡೆ ಸುಡುವುದು, ಮಡ್ಡಿ ಅಲುಗದಂತೆ ವೈನ್ ಬಗ್ಗಿಸುವುದು, ಒಂದನ್ನೂ ಮುಚ್ಚಿಡದೆ ಹೇಳಿಕೊಡುತ್ತೇನೆ.

ನಿಮ್ಮ ಜಾಗದ ಬಗ್ಗೆ ಹೆದರಿಕೆ ಬೇಡ. ಅವನೂ ಕುಡಿಯುತ್ತಾನೆ, ನನಗಿಂತ ಹೆಚ್ಚೇ ಕುಡಿಯುತ್ತಾನೆ. ಕುಡಿದ ಮೇಲೆ ಕೈಯೂ ಎತ್ತುತ್ತಾನೆ. ಅಂಥವನನ್ನು ಮದಾಮ್ ಎರಡು ತಿಂಗಳ ಮೇಲೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ, ಜೆಸ್ಸಿಯ ಕೈಯಲ್ಲೇ ಬರೆಸಿ ಕಳುಹಿಸುತ್ತೇನೆ.

ನಿಮ್ಮ
ಬೊನವೆಂಚರ್